ಕತ್ತಲಾದ ಮೇಲೆ ನಾಯಿ ತಟ್ಟೆ ಅಂಗಳದಲ್ಲಿ ಬೇಡ

ನಮಸ್ಕಾರ. ಮಲೆನಾಡಿನವರು, ಮೈಸೂರು, ತುಮಕೂರು ಕಡೆಯ ತೋಟದ ಮನೆಯವರು, ಬನ್ನೇರುಘಟ್ಟದ ಕಾಡಂಚಿಗೆ ಹೊಸದಾಗಿ ಮನೆ ಕಟ್ಟಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಕೇಳಿ.

ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಉಳಿದ ಅನ್ನಕ್ಕೆ ಸಾರು ಕಲಸಿ, ಮೀನಿನ ಮುಳ್ಳು ಸೇರಿಸಿ, ಅಂಗಳದ ಮೂಲೆಯ ತಟ್ಟೆಗೆ ಸುರಿದು ಬಾಗಿಲು ಹಾಕಿಕೊಳ್ಳುತ್ತೇವೆ. ಅಜ್ಜಿ ಕಾಲದಿಂದ ಬಂದ ರೂಢಿ. ಈ ರೂಢಿ ಬಿಡಬೇಕು ಅನ್ನುವುದೇ ನನ್ನ ಮಾತು.

ಯಾಕೆ ಅಂದರೆ, ನಾಯಿ ಅರ್ಧ ತಿಂದು ಹೋಗಿ ಮಲಗುತ್ತದೆ. ಆಮೇಲೆ ಹೆಗ್ಗಣ ಬರುತ್ತದೆ. ತಟ್ಟೆಯೊಳಗೇ ಓಡಾಡುತ್ತದೆ, ಅಲ್ಲೇ ಉಚ್ಚೆ ಹೊಯ್ಯುತ್ತದೆ. ಇಲಿ ಜ್ವರ ಹರಡುವುದೇ ಹೀಗೆ. ಬೆಳಿಗ್ಗೆ ನಾಯಿ ಅದೇ ತಟ್ಟೆ ನೆಕ್ಕುತ್ತದೆ, ಮನೆಯ ಹೆಂಗಸರು ಅದನ್ನು ಬರಿಗೈಯಲ್ಲಿ ತಿಕ್ಕುತ್ತಾರೆ. ಹೆಗ್ಗಣದ ಜಾಡು ಹಿಡಿದು ಹಾವು ಬರುತ್ತದೆ. ಮೀನಿನ ವಾಸನೆಗೆ ಕಬ್ಬೆಕ್ಕು ಮಾಡಿನಿಂದ ಇಳಿಯುತ್ತದೆ. ಹಗಲಾದರೆ ಮಂಗ. ಒಂದೇ ತಟ್ಟೆಗೆ ನಾಯಿಯೂ ಕಾಡುಪ್ರಾಣಿಯೂ ಬಾಯಿ ಹಾಕಿದರೆ ರೋಗ ಎರಡೂ ಕಡೆಗೆ ದಾಟಬಹುದು. 2018ರಲ್ಲಿ ಗಿರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ನಾಯಿಗಳಿಗೂ ಬರುವ ಡಿಸ್ಟೆಂಪರ್ ವೈರಸ್.

ಇನ್ನು ಚಿರತೆ. ಅದಕ್ಕೆ ನಮ್ಮ ಅನ್ನ ಬೇಡ, ಅನ್ನದ ಹತ್ತಿರ ಇರುವ ನಾಯಿ ಬೇಕು. ತಟ್ಟೆ ತುಂಬಿದ್ದರೆ ಬೀದಿನಾಯಿಗಳೂ ಅಲ್ಲೇ ಬೀಡುಬಿಡುತ್ತವೆ. ಮಹಾರಾಷ್ಟ್ರದ ಅಕೋಲೆಯಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿ ನೋಡಿದಾಗ, ಅದು ತಿಂದದ್ದರಲ್ಲಿ ತೂಕದ ಲೆಕ್ಕದಲ್ಲಿ ಶೇ. 39ರಷ್ಟು ನಾಯಿಯೇ ಆಗಿತ್ತು. ನಾಯಿಯನ್ನು ಸರಪಳಿಯಲ್ಲಿ ಕಟ್ಟಿ, ಪಕ್ಕದಲ್ಲಿ ಊಟ ಇಟ್ಟು ನಾವು ಒಳಗೆ ಮಲಗಿದರೆ ಅದು ಎಲ್ಲಿಗೆ ಓಡಬೇಕು ಹೇಳಿ? ಮನೆ ಕಾಯಲಿ ಅಂತ ಸಾಕಿದ ಜೀವವನ್ನು ಹಾಗೆ ಕಟ್ಟಿಹಾಕುವುದು ನನ್ನ ಪ್ರಕಾರ ದೊಡ್ಡ ಅನ್ಯಾಯ.

ಒಂದು ಸಲ ಚಿರತೆ ಬಂತು ಅಂದರೆ ಬೋನಿಡಿ ಅಂತ ಗಲಾಟೆ ಶುರುವಾಗುತ್ತದೆ. ಆ ಭಯ ನನಗೆ ಅರ್ಥವಾಗುತ್ತದೆ, ಮಕ್ಕಳಿರುವ ಮನೆಗಳು. ಆದರೆ ಇದ್ದ ಚಿರತೆಯನ್ನು ಹಿಡಿದು ಸಾಗಿಸಿದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಕಾರಣ ಅಂಗಳದಲ್ಲೇ ಉಳಿದಿದೆಯಲ್ವಾ? ಬೇಲಿಯಲ್ಲಿ ಉರುಳು ಇಡುವುದಂತೂ ಖಂಡಿತ ಬೇಡ. ಹಂದಿಗೆ ಅಂತ ಇಟ್ಟ ತಂತಿಗೆ ಚಿರತೆಯೂ ಬೀಳುತ್ತದೆ, ನಮ್ಮದೇ ನಾಯಿಯೂ ಬೀಳುತ್ತದೆ. ತಂತಿ ಸೊಂಟಕ್ಕೆ ಬಿಗಿದ ಪ್ರಾಣಿ ಒದ್ದಾಡಿದಷ್ಟೂ ಅದು ಮಾಂಸದೊಳಗೆ ಇಳಿಯುತ್ತದೆ. ಇಲಿಪಾಷಾಣವೂ ಬೇಡ. ಸತ್ತ ಇಲಿಯನ್ನು ಗೂಬೆ, ಬೆಕ್ಕು, ನಾಯಿ ತಿಂದರೆ ಅವಕ್ಕೂ ವಿಷ ಏರುತ್ತದೆ. ತಟ್ಟೆ ಸುತ್ತ ನುಸಿಗುಳಿಗೆ ಹಾಕುವವರಿದ್ದಾರೆ. ನಾಯಿ ನುಂಗಿದರೆ ಅದೂ ವಿಷವೇ.

ಮಾಡಬೇಕಾದ್ದು ತೀರಾ ಸುಲಭ. ಊಟ ಬೆಳಿಗ್ಗೆ ಒಂದು ಸಲ, ಹೊತ್ತು ಮುಳುಗುವ ಮುಂಚೆ ಒಂದು ಸಲ. ಹತ್ತಿಪ್ಪತ್ತು ನಿಮಿಷ ಬಿಡಿ, ತಿನ್ನದೆ ಉಳಿದರೆ ತಟ್ಟೆ ಎತ್ತಿ ಒಳಗಿಡಿ. ನೆಲಕ್ಕೆ ಚೆಲ್ಲಿದ ಅಗುಳು ಗುಡಿಸಿ, ನೀರು ಹಾಕಿ ತೊಳೆಯಿರಿ. ಅದನ್ನೇ ಜಾಸ್ತಿ ಜನ ಮರೆಯುತ್ತಾರೆ, ವಾಸನೆ ಉಳಿಯುವುದು ಅಲ್ಲೇ. ಅಂಗಡಿಯಿಂದ ತಂದ ಕಾಳಿನಂಥ ನಾಯಿ ತಿಂಡಿಯನ್ನು ಚೀಲದಲ್ಲೇ ಜಗಲಿ ಮೇಲೆ ಬಿಡಬೇಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿಯಿರಿ. ಕೋಳಿ ಪುಕ್ಕ, ಮೀನಿನ ತ್ಯಾಜ್ಯ ಹಿತ್ತಲಿಗೆ ಎಸೆದರೆ ತಟ್ಟೆ ಎತ್ತಿಟ್ಟೂ ಉಪಯೋಗವಿಲ್ಲ, ಆಳವಾಗಿ ಗುಂಡಿ ತೆಗೆದು ಹೂಳಿ. ರಾತ್ರಿ ನಾಯಿ ಒಳಗೆ ಮಲಗಲಿ, ಇಲ್ಲವೇ ಗಟ್ಟಿ ಬಾಗಿಲು, ಮಾಡು ಇರುವ ಗೂಡಿನಲ್ಲಿ.

ಬೀದಿನಾಯಿಗಳಿಗೆ ಹಾಕುವವರ ಮೇಲೆ ನನಗೆ ಗೌರವವಿದೆ. ಅವರಲ್ಲಿ ಒಂದೇ ವಿನಂತಿ. ಕಾಡಿನ ಬೇಲಿ ಪಕ್ಕ, ಖಾಲಿ ಸೈಟಿನ ಪೊದೆ ಪಕ್ಕ ಹಾಕಬೇಡಿ. ಬೆಳಕಿರುವಾಗ ಹಾಕಿ, ನಾಯಿಗಳು ತಿನ್ನುವ ತನಕ ನಿಂತಿದ್ದು, ಉಳಿದದ್ದನ್ನು ವಾಪಸ್ ತೆಗೆದುಕೊಂಡು ಹೋಗಿ. ನಿಗದಿತ ಜಾಗ, ನಿಗದಿತ ಹೊತ್ತು, ಗಲೀಜು ಮಾಡಬಾರದು ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೇ ಹೇಳುತ್ತವೆ. ನಿಮ್ಮ ಬಡಾವಣೆಯ ಸಂಘದಲ್ಲಿ ಈ ವಾರವೇ ಕೂತು ಆ ಜಾಗ ಯಾವುದು ಅಂತ ತೀರ್ಮಾನ ಮಾಡಿಕೊಳ್ಳಿ.