ಹೆಲಿಕಾಪ್ಟರ್ ಸದ್ದಿನಲ್ಲಿ ಕೂಗಿ ಕೇಳಿದ ಪ್ರಶ್ನೆ

ನಮಸ್ಕಾರ. 1980ರ ದಶಕದ ಅಮೆರಿಕದ ಟಿವಿ ಸುದ್ದಿ ನೋಡಿದರೆ ಒಂದು ದೃಶ್ಯ ಮತ್ತೆ ಮತ್ತೆ ಸಿಗುತ್ತದೆ. ವೈಟ್‌ಹೌಸ್ ಅಂಗಳದಲ್ಲಿ ಹೆಲಿಕಾಪ್ಟರ್ ನಿಂತಿದೆ, ರೆಕ್ಕೆ ತಿರುಗುತ್ತಿದೆ. ಅಧ್ಯಕ್ಷ ರೊನಾಲ್ಡ್ ರೇಗನ್ ಅದರ ಕಡೆ ನಡೆಯುತ್ತಿದ್ದಾರೆ. ದೂರದಿಂದ ಒಬ್ಬ ವರದಿಗಾರ ಗಂಟಲು ಹರಿಯುವ ಹಾಗೆ ಪ್ರಶ್ನೆ ಕೂಗುತ್ತಾರೆ. ರೇಗನ್ ಕಿವಿಗೆ ಕೈ ಹಿಡಿದು, ಕೇಳಿಸ್ತಿಲ್ಲ ಅಂತ ಸನ್ನೆ ಮಾಡಿ, ನಗುತ್ತಾ ಹತ್ತಿ ಹೋಗುತ್ತಾರೆ.

ಕೂಗಿದವರು ಎಬಿಸಿ ಚಾನೆಲ್‌ನ ಸ್ಯಾಮ್ ಡೊನಾಲ್ಡ್‌ಸನ್. ಹುಟ್ಟಿದ್ದು 1934, ಟೆಕ್ಸಸ್‌ನ ಎಲ್ ಪಾಸೊದಲ್ಲಿ. 1967ರಲ್ಲಿ ಎಬಿಸಿ ಸೇರಿದರು. 1977ರಿಂದ 1989ರವರೆಗೆ ವೈಟ್‌ಹೌಸ್ ವರದಿಗಾರ.

ಆದರೆ ಕೂಗೋದು ಯಾಕೆ? ರೇಗನ್ 8 ವರ್ಷದಲ್ಲಿ ನಡೆಸಿದ ಪೂರ್ಣ ಪತ್ರಿಕಾಗೋಷ್ಠಿಗಳು 50ಕ್ಕೂ ಕಡಿಮೆ. ಅಧ್ಯಕ್ಷರು ಕಣ್ಣಿಗೆ ಬೀಳುವ ಆ ಅರ್ಧ ನಿಮಿಷವೇ ವರದಿಗಾರರ ಪಾಲಿಗೆ ಅವಕಾಶ.

ನಮ್ಮ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಬಸ್ ಹೊರಟೇಬಿಟ್ಟಿದೆ, ನೀವು ಪಕ್ಕದಲ್ಲೇ ಓಡುತ್ತಿದ್ದೀರಿ. ಕಂಡಕ್ಟರ್ ಹತ್ತಿರ ಉದ್ದುದ್ದ ಮಾತಾಡ್ತೀರಾ? ಇಲ್ಲ. "ಅರಸೀಕೆರೆ?" ಅಂತೀರಿ, ಅಷ್ಟೇ. ಅವರು ತಲೆ ಆಡಿಸಿದರೂ ಉತ್ತರ, ಮುಖ ತಿರುಗಿಸಿದರೂ ಒಂದು ಉತ್ತರ. ಮುಖ ತಿರುಗಿಸಿದ್ದನ್ನು ಸ್ಟ್ಯಾಂಡಿನಲ್ಲಿದ್ದವರೆಲ್ಲ ನೋಡಿರುತ್ತಾರೆ, ಅಲ್ವಾ? ಡೊನಾಲ್ಡ್‌ಸನ್‌ಗೆ ಆ ಸ್ಟ್ಯಾಂಡು ಅಂದರೆ ಕ್ಯಾಮೆರಾ. ಪೇಪರ್ ವರದಿಗಾರನಿಗೆ ಉತ್ತರ ಸಿಗದಿದ್ದರೆ ಬರೆಯೋಕೆ ಜಾಸ್ತಿ ಏನೂ ಇರುವುದಿಲ್ಲ. ಟಿವಿಯಲ್ಲಿ ಉತ್ತರ ಕೊಡದೆ ಹೋಗುವ ಬೆನ್ನೂ ಸುದ್ದಿಯೇ.

ಸುಮ್ನೆ ಗಂಟಲು ಮಾತ್ರ ಅಂದುಕೊಳ್ಳಬೇಡಿ. 1982ರ ಸೆಪ್ಟೆಂಬರ್ 28ರ ಪತ್ರಿಕಾಗೋಷ್ಠಿ ನೋಡಿ. ದೇಶದಲ್ಲಿ ಆರ್ಥಿಕ ಹಿಂಜರಿತ, ನಿರುದ್ಯೋಗ ಸುಮಾರು 10%. ಡೊನಾಲ್ಡ್‌ಸನ್ ಕೇಳಿದ್ದರ ಸಾರ ಇದು: ಹಳೆಯ ತಪ್ಪುಗಳನ್ನು ದೂರಿದಿರಿ, ಕಾಂಗ್ರೆಸ್ಸನ್ನೂ (ಅಂದರೆ ಅಮೆರಿಕದ ಸಂಸತ್ತನ್ನೂ) ದೂರಿದಿರಿ, ಇದರಲ್ಲಿ ನಿಮ್ಮ ಪಾಲೂ ಇದೆಯಾ? ಎಷ್ಟು ಅಚ್ಚುಕಟ್ಟು! ತಪ್ಪಿಸಿಕೊಳ್ಳುವ ಎರಡು ಬಾಗಿಲನ್ನೂ ಮೊದಲೇ ಹಾಕಿ, ಆಮೇಲೆ ಪ್ರಶ್ನೆ. ರೇಗನ್ ಕಿಟಕಿ ಹುಡುಕಿದರು: ಹೌದು, ಯಾಕಂದರೆ ಬಹಳ ವರ್ಷ ನಾನೂ ಡೆಮಾಕ್ರಟ್ ಆಗಿದ್ದೆ. ರೇಗನ್ ಆಗ ರಿಪಬ್ಲಿಕನ್ ಪಕ್ಷದವರು, ಡೆಮಾಕ್ರಟಿಕ್ ಪಕ್ಷ ಅವರ ಎದುರಾಳಿ; ದೂರು ಮತ್ತೆ ಅವರ ಮೇಲೇ. ಇಡೀ ಕೋಣೆ ನಕ್ಕಿತು. ಉತ್ತರ ನನಗೂ ಇಷ್ಟ. ಆದರೆ ನನ್ನ ಗೌರವ ಪ್ರಶ್ನೆಗೆ. ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗಲೂ ಡೊನಾಲ್ಡ್‌ಸನ್ ಹೀಗೇ ಬಿಡದೆ ಕೇಳುತ್ತಿದ್ದರು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. 1989ರಲ್ಲಿ ಡಯೇನ್ ಸಾಯರ್ ಜೊತೆ ಹೊಸ ಕಾರ್ಯಕ್ರಮ, 1996ರಿಂದ ಕೋಕಿ ರಾಬರ್ಟ್ಸ್ ಜೊತೆ ಭಾನುವಾರದ ರಾಜಕೀಯ ಚರ್ಚೆ. 1998ರಲ್ಲಿ ಮತ್ತೆ ವೈಟ್‌ಹೌಸ್ ವರದಿಗೆ ಬಂದರು. ಈ ಸಲ ಅಧ್ಯಕ್ಷ ಬಿಲ್ ಕ್ಲಿಂಟನ್, ವೈಟ್‌ಹೌಸ್ ಇಂಟರ್ನ್ ಜೊತೆಗಿನ ಅವರ ಸಂಬಂಧ ಬಯಲಾದ ಮೋನಿಕಾ ಲೆವಿನ್‌ಸ್ಕಿ ಪ್ರಕರಣದ ಕಾಲ. ಡೊನಾಲ್ಡ್‌ಸನ್‌ಗೆ ಆಗ ಅರವತ್ತು ದಾಟಿತ್ತು.