ಇಪ್ಪತ್ತೈದಕ್ಕೆ ನಿಂತುಹೋದ ಸಂಖ್ಯೆ

ನಮಸ್ಕಾರ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆ ಸುಲಿಯುತ್ತಾ ರೇಡಿಯೋ ಹಾಕಿಕೊಂಡವರು ಸ್ವಲ್ಪ ಹೊತ್ತು ಕೈ ಬಿಡುವು ಮಾಡಿಕೊಳ್ಳಿ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ಪೆನ್ನು, ಕಾಗದ ಬೇಕು. ನಾನು ಐದೈದು ಅಂಕಿಯಾಗಿ ಹೇಳುತ್ತೇನೆ, ಬರೆದುಕೊಳ್ಳಿ. 36085, 28850, 36840, 07860, 36725. ಇದಿಷ್ಟೂ ಸೇರಿ ಒಂದೇ ಸಂಖ್ಯೆ. ಒಟ್ಟು 25 ಅಂಕಿ.

ಈಗ ಎಡಗಡೆಯಿಂದ ನೋಡುತ್ತಾ ಬನ್ನಿ. ಮೊದಲ ಎರಡು ಅಂಕಿ 36, ಅದನ್ನು 2ರಿಂದ ಭಾಗಿಸಬಹುದು. ಮೂರು ಅಂಕಿ ತೆಗೆದುಕೊಂಡರೆ 360, ಅದು 3ರಿಂದ ಭಾಗವಾಗುತ್ತದೆ. 3608ನ್ನು 4ರಿಂದ ಭಾಗಿಸಿದರೆ 902. ಏಳು ಅಂಕಿ ತೆಗೆದುಕೊಂಡು 7ರಿಂದ ಭಾಗಿಸಿ, 515504 ಬರುತ್ತದೆ, ಶೇಷ ಸೊನ್ನೆ. ಎಷ್ಟು ಅಂಕಿ ತೆಗೆದುಕೊಂಡಿರೋ ಅಷ್ಟರಿಂದಲೇ ಭಾಗ, 25ರ ತನಕ ಎಲ್ಲೂ ತಪ್ಪುವುದಿಲ್ಲ!

ಇಂಥ ಗುಣ ಇರುವ ಸಂಖ್ಯೆಗಳು ಒಟ್ಟು 20456 ಇವೆ. ಅವುಗಳಲ್ಲಿ ಅತಿ ದೊಡ್ಡದು ಇದು.

ಇದಕ್ಕಿಂತ ಉದ್ದದ್ದು ಯಾಕಿಲ್ಲ? ನನಗೆ ತುಂಬಾ ಇಷ್ಟವಾಗುವುದು ಇದೇ ಪ್ರಶ್ನೆ. ಬಲಗಡೆ ಒಂದು ಅಂಕಿ ಸೇರಿಸುವಾಗ 0ಯಿಂದ 9ರವರೆಗೆ ಹತ್ತು ದಾರಿ ಇದೆ, ಅಂದರೆ ಸಾಲಾಗಿ ಹತ್ತು ಸಂಖ್ಯೆ ಸಿಗುತ್ತವೆ, ಸಾಲಾಗಿ ಬರುವ ಹತ್ತು ಸಂಖ್ಯೆಗಳಲ್ಲಿ 7ರಿಂದ ಭಾಗವಾಗುವುದು ಒಂದಾದರೂ ಇದ್ದೇ ಇರುತ್ತದೆ, 8, 9, 10ಕ್ಕೂ ಹಾಗೆಯೇ. ಹಾಗಾಗಿ ಹತ್ತು ಅಂಕಿಯ ತನಕ ಯಾರಿಗೂ ತಡೆ ಇಲ್ಲ. 11ರಿಂದ ಆ ಖಾತ್ರಿ ಹೋಯಿತು. 20ಕ್ಕೆ ಬರುವಾಗ ಅರ್ಧಕ್ಕರ್ಧ, ಅಲ್ವಾ? 19 ಅಂಕಿಯವು 90 ಇವೆ, ಅವುಗಳಿಂದ ಬೆಳೆದ 20 ಅಂಕಿಯವು 44 ಮಾತ್ರ. ಆಮೇಲೆ 18, 12, 6, 3, ಕೊನೆಗೆ 1.

ಆ ಒಂದನ್ನೂ ಮುಂದೆ ಬೆಳೆಸಲು ನೋಡೋಣ. ಕೊನೆಗೆ ಸೊನ್ನೆ ಸೇರಿಸಿ 26ರಿಂದ ಭಾಗಿಸಿ. ಶೇಷ 12. ಪೂರ್ತಿ ಭಾಗವಾಗಬೇಕಾದರೆ ಇನ್ನೂ 14 ಬೇಕು, ಆದರೆ ಒಂದು ಜಾಗದಲ್ಲಿ 9ಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. 26 ಅಂಕಿಯದು ಯಾವುದಾದರೂ ಇದ್ದಿದ್ದರೆ ಅದರ ಕೊನೆಯ ಅಂಕಿ ಅಳಿಸಿದಾಗ ಈ ನಮ್ಮ ಸಂಖ್ಯೆಯೇ ಸಿಗಬೇಕಿತ್ತು. ಹಾಗಾಗಿ ಕಥೆ ಇಲ್ಲಿಗೇ ಮುಗಿಯಿತು.

ಮೊಬೈಲಿನ ಸಾಮಾನ್ಯ ಕ್ಯಾಲ್ಕುಲೇಟರಿಗೆ ಇಷ್ಟು ಉದ್ದದ ಲೆಕ್ಕ ನೆಚ್ಚಬೇಡಿ. ನಾಲ್ಕನೇ ಕ್ಲಾಸಿನ ಭಾಗಾಕಾರ ಸಾಕು, ಶೇಷವನ್ನು ಹಿಡಿದುಕೊಂಡು ಒಂದೊಂದೇ ಅಂಕಿ ಇಳಿಸುತ್ತಾ ಹೋದರಾಯಿತು. ಮಕ್ಕಳಿಗೆ ಭಾಗಾಕಾರ ಬೇಜಾರು ಅನ್ನುವವರು ಈ ಸಂಖ್ಯೆಯನ್ನೊಮ್ಮೆ ಕೊಟ್ಟು ನೋಡಬೇಕು.

ಮಕ್ಕಳೇ, ನಿಮಗೆ ಇನ್ನೊಂದು. 1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದು ಸಲ ಮಾತ್ರ ಬಳಸಿ ಇದೇ ಗುಣದ ಒಂಬತ್ತು ಅಂಕಿಯ ಸಂಖ್ಯೆ ಮಾಡಿ. ಐದನೇ ಜಾಗಕ್ಕೆ 5 ಬಿಟ್ಟು ಬೇರೆ ಬರುವಂತಿಲ್ಲ, ಎರಡು, ನಾಲ್ಕು, ಆರು, ಎಂಟನೇ ಜಾಗಗಳಲ್ಲಿ ಸಮ ಅಂಕಿಗಳೇ ಬೇಕು. ಉತ್ತರ ಒಂದೇ ಒಂದು, ಶುರುವಾಗುವುದು 38ರಿಂದ. ಉಳಿದ ಏಳನ್ನು ನೀವೇ ಹುಡುಕಿ.