ಥೈರಾಯ್ಡ್ ಮಾತ್ರೆ, ಡಿಕಾಕ್ಷನ್, ಮಧ್ಯೆ ಒಂದು ಗಂಟೆ

ಟೈಮ್ ಕಾಣ್ತಿದೆ ಅಲ್ವಾ, 6 ಗಂಟೆ 10 ನಿಮಿಷ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದಾಯ್ತು, ಅದರ ಪಾಡಿಗೆ ಇಳೀಲಿ. ಪಕ್ಕದಲ್ಲಿರೋ ಡಬ್ಬಿ ನೋಡಿ. ಲಿವೋಥೈರಾಕ್ಸಿನ್, ಥೈರಾಯ್ಡ್ ಹಾರ್ಮೋನ್ ಕಮ್ಮಿ ಇದ್ದೋರು ನುಂಗೋ ಹಾರ್ಮೋನ್ ಮಾತ್ರೆ, 50 ಮೈಕ್ರೋಗ್ರಾಮ್. ಇವತ್ತಿನ ವಿಡಿಯೋ ಪೂರ್ತಿ ಈ ಡಬ್ಬಿಗೂ ಆ ಫಿಲ್ಟರಿಗೂ ಇರೋ ಜಗಳ.

ಮೊದಲು ನಂದೊಂದು ತಕರಾರು. "ನಂಗೆ ಥೈರಾಯ್ಡ್ ಇದೆ" ಅಂತಾರಲ್ಲ, ಎಲ್ಲರಿಗೂ ಇದೆ ಸ್ವಾಮಿ! ಕತ್ತಿನ ಮುಂದಿರೋ ಗ್ರಂಥಿ ಅದು, ಚಿಟ್ಟೆ ಆಕಾರದಲ್ಲಿ, 20 ಗ್ರಾಮ್ ಆಸುಪಾಸು. ಹಾರ್ಮೋನ್ ಕಮ್ಮಿ ಇರೋ ಹೈಪೋನೋ, ಜಾಸ್ತಿ ಇರೋ ಹೈಪರೋ, ಅದನ್ನ ಹೇಳಿ. ಒಂದಕ್ಕೆ ಹಾರ್ಮೋನ್ ಕೊಡ್ಬೇಕು, ಇನ್ನೊಂದಕ್ಕೆ ತಗ್ಗಿಸ್ಬೇಕು. ಅಕ್ಕನ ಮಾತ್ರೆನ ತಂಗಿ ನುಂಗೋ ಮನೆಗಳು ಇದನ್ನ ಎರಡು ಸಲ ಕೇಳಿಸ್ಕೊಳ್ಳಿ.

ಹೈಪೋ ಅಂದ್ರೆ ಗ್ರಂಥಿ ಮಂಕಾಗಿದೆ. ಸುಸ್ತು, ಮಲಬದ್ಧತೆ, ಒಣಚರ್ಮ, ಬಾಚಣಿಗೆ ತುಂಬ ಕೂದಲು. ಮನೆಯವರೆಲ್ಲ ಫ್ಯಾನ್ ಹಾಕ್ಕೊಂಡಿದ್ರೆ ಇವರೊಬ್ಬರು ಶಾಲು ಹೊದ್ದಿರ್ತಾರೆ. ಮುಟ್ಟಿನಲ್ಲಿ ಸ್ರಾವ ಜಾಸ್ತಿ, ಬೆಳಗ್ಗೆ ಎದ್ರೆ ಮುಖ ಊದಿರತ್ತೆ. ತೂಕ ಏರತ್ತೆ ನಿಜ, ಆದ್ರೆ ಸಾಮಾನ್ಯವಾಗಿ 2ರಿಂದ 5 ಕೆಜಿ, ಅದರಲ್ಲೂ ಬಹುಪಾಲು ಉಪ್ಪು, ನೀರು. 20 ಕೆಜಿ ಏರಿದ್ರೆ ಆ ಆಪಾದನೆ ಪೂರ್ತಿ ಗ್ರಂಥಿ ಮೇಲೆ ಹಾಕ್ಬೇಡಿ. ಬೆಂಗಳೂರೂ ಸೇರಿ 8 ನಗರಗಳ ವಯಸ್ಕರನ್ನ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ಜನಕ್ಕೆ ಹೈಪೋ ಇತ್ತು. ಮುಖ್ಯ ಕಾರಣ ಹಶಿಮೊಟೊ, ನಮ್ಮ ದೇಹದ ರಕ್ಷಣಾಪಡೆಯೇ ಗ್ರಂಥಿ ಮೇಲೆ ತಿರುಗಿಬೀಳೋ ಕಾಯಿಲೆ. 1912ರಲ್ಲಿ ಹಕಾರು ಹಶಿಮೊಟೊ ಅನ್ನೋ ಜಪಾನಿ ವೈದ್ಯರು ವಿವರಿಸಿದ್ದು.

ಉಪ್ಪಿನ ಡಬ್ಬಿ ಫ್ರೇಮಿನಲ್ಲಿ ಬಂತಲ್ಲ, ಅದರ ಬಗ್ಗೆನೂ ಹೇಳಿಬಿಡ್ತೀನಿ. ಹಾರ್ಮೋನ್ ಮಾಡೋಕೆ ಗ್ರಂಥಿಗೆ ಅಯೋಡಿನ್ ಬೇಕು. ಅಯೋಡಿನ್ ಉಪ್ಪಿಗೆ ಮುಚ್ಚಳ ಗಟ್ಟಿಯಾಗಿರ್ಬೇಕು, ಒಲೆ ಪಕ್ಕ ತೆರೆದಿಟ್ರೆ ಅಯೋಡಿನ್ ಕಮ್ಮಿಯಾಗತ್ತೆ. ಆರೋಗ್ಯಕ್ಕೆ ಒಳ್ಳೇದು ಅಂತ ದಿನಾ ಬರೀ ಅಯೋಡಿನ್ ಸೇರಿಸದ ಸೈಂಧವ ಲವಣ ಹಾಕೋದು ನಂಗೆ ಸರಿಕಾಣಲ್ಲ, ಗರ್ಭಿಣಿ ಇರೋ ಮನೇಲಂತೂ ಬೇಡವೇ ಬೇಡ. ಹಾಗಂತ ಹಶಿಮೊಟೊ ಇದ್ದೋರು ಅಯೋಡಿನ್ ಮಾತ್ರೆ ನುಂಗಿದ್ರೂ ಗುಣ ಆಗಲ್ಲ, ಕೆಡಬಹುದು. ಥೈರಾಯ್ಡಿಗೆ ಆಗಲ್ಲ ಅಂತ ಬಿಡೋ ಎಲೆಕೋಸು? ಬೇಯಿಸಿ ತಿನ್ನಿ, ಏನೂ ಆಗಲ್ಲ, ಅದನ್ನ ಯಾಕೆ ಮನೆಯಿಂದಾಚೆ ಹಾಕಿದ್ರೋ ಗೊತ್ತಿಲ್ಲ. ಅಯ್ಯೋ, ಡಿಕಾಕ್ಷನ್ ಇಳೀತಾ ಇದೆ, ಡಬ್ಬಿಗೆ ಬರೋಣ.

ಹತ್ರದಿಂದ ತೋರಿಸ್ತೀನಿ. ಶರ್ಟಿನ ಗುಂಡಿಗಿಂತ ಚಿಕ್ಕದು. ಇದರೊಳಗಿರೋ ಔಷಧಿ, ಒಂದು ಮಿಲಿಗ್ರಾಮನ್ನ 20 ಪಾಲು ಮಾಡಿದ್ರೆ ಒಂದು ಪಾಲು. ಮಿಕ್ಕಿದ್ದು ಬರೀ ಹಿಟ್ಟು ಅನ್ನಿ. ಖಾಲಿ ಹೊಟ್ಟೇಲಿ ನುಂಗಿದ್ರೂ ನೂರಕ್ಕೆ 70–80 ಪಾಲು ಮಾತ್ರ ರಕ್ತ ಸೇರತ್ತೆ. ಮಾತ್ರೆ ನುಂಗಿ ಐದು ನಿಮಿಷಕ್ಕೆ ಕಾಫಿ ಕುಡಿದ್ರೆ ಅದೂ ತಗ್ಗತ್ತೆ. ಹಾಲಿಲ್ಲದ ಕಾಫಿ ಆಗತ್ತಾ ಅಂತ ಕೇಳ್ತೀರಿ. ಆಗಲ್ಲ. ಹಾಲಿನ ಕ್ಯಾಲ್ಸಿಯಂ ಒಂದು ಅಡ್ಡಿ, ಕಾಫಿನೇ ಇನ್ನೊಂದು ಅಡ್ಡಿ.

ಇದರಿಂದ ಆಗೋ ಎಡವಟ್ಟು ಏನು ಗೊತ್ತಾ? ಟಿಎಸ್‌ಎಚ್ ಅಂದ್ರೆ ಗ್ರಂಥಿಗೆ ಕೆಲಸ ಮಾಡು ಅಂತ ಮೆದುಳಿನ ಬುಡದಿಂದ ಬರೋ ಹಾರ್ಮೋನ್, ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದ್ರೆ ಇದು ಏರತ್ತೆ. ಮಾತ್ರೆ ದಿನಾ ತಗೊಂಡ್ರೂ ಟಿಎಸ್‌ಎಚ್ ಏರಿ 8 ಬರತ್ತೆ. ಡೋಸ್ 50 ಇದ್ದಿದ್ದು 75 ಆಗತ್ತೆ. ಕಾಫಿ ಜೊತೇಲೇ ನಡೆಯತ್ತೆ, ಆಮೇಲೆ 88, ಆಮೇಲೆ 100. ಆಮೇಲೊಂದಿನ ಯಾರೋ ಹೇಳಿ ಕಾಫಿನ ಒಂದು ಗಂಟೆ ಮುಂದಕ್ಕೆ ಹಾಕ್ತಾರೆ. ಅಷ್ಟೂ ಔಷಧಿ ಒಳಗೆ ಹೋಗತ್ತೆ, ಎದೆ ಹೊಡ್ಕೊಳ್ಳತ್ತೆ, ಕೈ ನಡುಗತ್ತೆ, ನಿದ್ದೆ ಬರಲ್ಲ. ವಯಸ್ಸಾದೋರಲ್ಲಿ ಹೃದಯದ ಲಯ ತಪ್ಪಬಹುದು, ಮೂಳೆ ಸವೀಬಹುದು. ಬೈಸಿಕೊಳ್ಳೋದು ಮಾತ್ರ ಮಾತ್ರೆ! ಅದಕ್ಕೇ ಟಿಎಸ್‌ಎಚ್ ಏರಿದ್ರೆ ಡೋಸ್ ಏರಿಸೋಕೆ ಮುಂಚೆ ಬೆಳಗಿನ ಆರರಿಂದ ಏಳರವರೆಗೆ ಏನೇನು ಹೊಟ್ಟೆಗೆ ಹೋಗ್ತಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಆಂಟಾಸಿಡ್ ಇದ್ರೆ 4 ಗಂಟೆ ಅಂತರ ಬೇಕು.

ಬೆಳಗ್ಗೆನೇ ನುಂಗ್ಬೇಕು ಅಂತ ಹೇಳೋಣ ಅಂತಿದ್ದೆ, ಬೇಡ. ಕಾಫಿ ಬಿಡೋಕಾಗಲ್ವಾ, ರಾತ್ರಿ ಊಟ ಮುಗಿದು 3 ಗಂಟೆ ಆದ್ಮೇಲೆ ನುಂಗಿ ಮಲಗಿ, ಅದೂ ಚೆನ್ನಾಗೇ ಕೆಲಸ ಮಾಡತ್ತೆ. ಆದ್ರೆ ನಮ್ಮಲ್ಲಿ ಊಟ ಆಗೋದೇ ಹತ್ತಕ್ಕೆ. ಸರಿ, ಬೆಳಗ್ಗೆನೇ ಇರಲಿ.

ಒಲೆ ಮೇಲಿನ ಶೆಲ್ಫಿನಲ್ಲಿ ಇಡ್ಬೇಡಿ, ಬಿಸಿಗೂ ತೇವಕ್ಕೂ ಈ ಮಾತ್ರೆ ಕೆಡತ್ತೆ. ಅದರದ್ದೇ ಡಬ್ಬೀಲಿ, ಮುಚ್ಚಳ ಹಾಕಿ. ಒಂದು ದಿನ ಮರೆತ್ರೆ ಗಾಬರಿ ಬೇಡ, ರಕ್ತದಲ್ಲಿ ಇದು ಅರ್ಧಕ್ಕಿಳಿಯೋಕೆ ಸುಮಾರು 7 ದಿನ ಬೇಕು. ಡೋಸ್ ಬದಲಾದ್ಮೇಲೆ 6–8 ವಾರ ಕಾದು ಟೆಸ್ಟ್ ಮಾಡಿಸಿ ಅನ್ನೋದೂ ಅದಕ್ಕೇ. ಹದಿನೈದು ದಿನಕ್ಕೆ ಮಾಡಿಸಿದ್ರೆ ಲ್ಯಾಬಿಗೆ ಲಾಭ.

ಲ್ಯಾಬ್ ರಿಪೋರ್ಟ್ ಶಾಟ್ ಇದು. ತಿಂಗಳುಗಟ್ಟಲೆ ಮಾತ್ರೆ ಬಿಟ್ಟು, ಟೆಸ್ಟಿಗೆ ನಾಲ್ಕು ದಿನ ಇರೋವಾಗ ಶುರು ಮಾಡೋ ಜಾಣರು ಇದಾರೆ. ಸಿಕ್ಕಿಬೀಳ್ತೀರಿ! ಎಫ್‌ಟಿ4, ಅಂದ್ರೆ ರಕ್ತದಲ್ಲಿರೋ ಥೈರಾಯ್ಡ್ ಹಾರ್ಮೋನ್, ಬೇಗ ಸರಿಹೋಗತ್ತೆ, ಟಿಎಸ್‌ಎಚ್ ಇಳಿಯೋಕೆ ವಾರಗಳು ಬೇಕು. ಎರಡೂ ಒಟ್ಟಿಗೆ ನೋಡಿದ್ರೆ ಕಥೆ ಗೊತ್ತಾಗತ್ತೆ. ರಕ್ತ ಕೊಟ್ಟ ಮೇಲೆ ಆ ದಿನದ ಮಾತ್ರೆ ನುಂಗಿ. ಕೂದಲಿಗೆ ಅಂತ ತಿನ್ನೋ ಬಯೋಟಿನ್ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ, ಇಲ್ಲಾಂದ್ರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳುಸುಳ್ಳೇ ಕಮ್ಮಿ ಬಂದು, ಇಲ್ಲದ ಹೈಪರ್ ಕಾಣತ್ತೆ. ಟಿಎಸ್‌ಎಚ್ 6 ಇದ್ದು ಎಫ್‌ಟಿ4 ಸರಿ ಇದ್ರೆ ತಕ್ಷಣ ಜೀವನಪೂರ್ತಿ ಮಾತ್ರೆ ಅಂತಲ್ಲ, 2–3 ತಿಂಗಳಿಗೆ ಮತ್ತೆ ನೋಡ್ತಾರೆ. 10 ದಾಟಿದ್ರೆ ಸಾಮಾನ್ಯವಾಗಿ ಶುರು ಮಾಡ್ತಾರೆ. ಗರ್ಭಿಣಿಯರ ಲೆಕ್ಕ ಬೇರೆ. ಈಗಾಗ್ಲೇ ಮಾತ್ರೆ ತಗೊಳ್ತಿರೋರಿಗೆ ಗರ್ಭ ನಿಂತಿದ್ದು ಗೊತ್ತಾದ ಕೂಡ್ಲೇ ನೂರಕ್ಕೆ 25–30ರಷ್ಟು ಡೋಸ್ ಹೆಚ್ಚು ಬೇಕಾಗತ್ತೆ, ಆ ವಾರವೇ ಫೋನ್ ಮಾಡಿ.

ಹೈಪರ್ ಬಗ್ಗೆ ಬೇಗ ಹೇಳ್ತೀನಿ, ಬ್ಯಾಟರಿ ಕೆಂಪಾಗಿದೆ. ಚೆನ್ನಾಗಿ ಉಂಡ್ರೂ ತೂಕ ಇಳಿಯತ್ತೆ, ಬೆವರು, ಕೈನಡುಕ, ಎದೆಬಡಿತ, ಪದೇಪದೇ ಭೇದಿ. ಹೈಪರ್‌ಗೆ ಮುಖ್ಯ ಕಾರಣ ಆಗೋ ಗ್ರೇವ್ಸ್ ಕಾಯಿಲೇಲಿ ಕೆಲವರಿಗೆ ಕಣ್ಣು ಮುಂದಕ್ಕೆ ಬರತ್ತೆ, ಅಂಥೋರು ಸಿಗರೇಟ್ ಮುಟ್ಟಲೇಬಾರದು. ಹಾರ್ಮೋನ್ ತಗ್ಗಿಸೋ ಕಾರ್ಬಿಮಜೋಲ್ ಮಾತ್ರೆ ಕೊಡ್ತಾರೆ, ಬಗ್ಗದಿದ್ರೆ ಗ್ರಂಥಿನ ಕುಗ್ಗಿಸೋ ರೇಡಿಯೋ ಅಯೋಡಿನ್ ಇಲ್ಲಾ ಆಪರೇಷನ್. ಕಾರ್ಬಿಮಜೋಲ್ ತಗೊಳ್ಳೋವಾಗ ಜ್ವರ, ಗಂಟಲು ನೋವು ಬಂದ್ರೆ ಕಷಾಯ ಕುಡೀತಾ ಕೂರ್ಬೇಡಿ. ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ್ ಹತ್ರ ಹೋಗಿ, ಬಿಳಿರಕ್ತಕಣ ಎಣಿಸಬೇಕು. ಅಪರೂಪಕ್ಕೆ ಅವು ನೆಲಕಚ್ಚತ್ವೆ, ಪ್ರಾಣಕ್ಕೇ ಕುತ್ತು.

7 ಗಂಟೆ 10 ನಿಮಿಷ. ಹಾಲು ಉಕ್ತಾ ಇದೆ, ಒಂದ್ನಿಮಿಷ, ಕ್ಯಾಮೆರಾ ಹಿಡ್ಕೊಳ್ಳಿ ಯಾರಾದ್ರೂ...